ಸುಂಕ ಸೊನ್ನೆ ಮಾಡಿದರೆ ಮಾಲು ಹೊರಡುತ್ತದೆಯೇ?

2025ರ ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಶ್ವೇತಭವನದ ತೋಟದಲ್ಲಿ ದೊಡ್ಡದೊಂದು ಬೋರ್ಡ್ ಹಿಡಿದು ನಿಂತಿದ್ದು ನೆನಪಿದೆಯಲ್ಲ. ಯಾವ ದೇಶದ ಮಾಲಿಗೆ ಎಷ್ಟು ಸುಂಕ ಅನ್ನುವ ಪಟ್ಟಿ ಅದು. ನಮ್ಮವರೆಲ್ಲ ಭಾರತದ ಮುಂದಿದ್ದ ಶೇ 26 ನೋಡಿ ಲೆಕ್ಕ ಹಾಕುತ್ತಿದ್ದರು. ಚೀನಾಕ್ಕೆ ಶೇ 34. ಆದರೆ ಅತಿ ಹೆಚ್ಚು ಸುಂಕ ಬಿದ್ದ ದೇಶದ ಹೆಸರನ್ನು ನಮ್ಮಲ್ಲಿ ಬಹಳ ಜನ ಕೇಳಿಯೇ ಇರಲಿಲ್ಲ. ಲೆಸೊಥೊ, ಶೇ 50.

ನಾಲ್ಕೂ ಕಡೆ ದಕ್ಷಿಣ ಆಫ್ರಿಕಾವೇ ಸುತ್ತುವರಿದಿರುವ ಗುಡ್ಡಗಾಡು ದೇಶ ಇದು. ಜನಸಂಖ್ಯೆ ಸುಮಾರು 23 ಲಕ್ಷ, ಅಂದರೆ ನಮ್ಮ ಒಂದು ಜಿಲ್ಲೆಯಷ್ಟು. 2024ರಲ್ಲಿ ಲೆಸೊಥೊ ಅಮೆರಿಕಕ್ಕೆ ಮಾರಿದ್ದು ಸುಮಾರು 23.7 ಕೋಟಿ ಡಾಲರ್ ಬೆಲೆಯ ಸರಕು. ಹೆಚ್ಚಿನದು ಜೀನ್ಸ್, ಟಿ-ಶರ್ಟ್, ಒಂದಿಷ್ಟು ವಜ್ರ. ಅಮೆರಿಕದಿಂದ ಕೊಂಡದ್ದು 28 ಲಕ್ಷ ಡಾಲರಿನಷ್ಟು ಮಾತ್ರ. ಕೊಳ್ಳುವುದಕ್ಕೆ ಜನರ ಹತ್ತಿರ ದುಡ್ಡಿಲ್ಲ, ಬೇಕಾದದ್ದು ಪಕ್ಕದ ದಕ್ಷಿಣ ಆಫ್ರಿಕಾದಿಂದ ಬರುತ್ತದೆ. ಅಮೆರಿಕದ ಅಧಿಕಾರಿಗಳ ಸೂತ್ರಕ್ಕೆ ಇದೆಲ್ಲ ಬೇಕಿರಲಿಲ್ಲ. ನೀವು ನಮಗೆ ಮಾರಿದ್ದೆಷ್ಟು, ನಮ್ಮಿಂದ ಕೊಂಡಿದ್ದೆಷ್ಟು, ವ್ಯತ್ಯಾಸ ಶೇಕಡಾ ಎಷ್ಟು, ಅದರಲ್ಲಿ ಅರ್ಧ. ಲೆಸೊಥೊದ ವ್ಯತ್ಯಾಸ ಶೇ 99 ಬಂತು. ಅರ್ಧ ಮಾಡಿ 50 ಬರೆದರು.

ತಮಾಷೆ ಏನೆಂದರೆ, ಆ ಜೀನ್ಸ್ ಕಾರ್ಖಾನೆಗಳನ್ನು ಬೆಳೆಸಿದ್ದೇ ಅಮೆರಿಕ. 2000ನೇ ಇಸವಿಯಲ್ಲಿ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು ಒಂದಿದೆ. ಅದನ್ನು ಚಿಕ್ಕದಾಗಿ ‘ಅಗೋವಾ’ ಅನ್ನುತ್ತಾರೆ. ಆಫ್ರಿಕಾದ ಬಡ ದೇಶಗಳ ಸಾವಿರಾರು ಬಗೆಯ ಸರಕಿಗೆ ಅಮೆರಿಕದಲ್ಲಿ ಸುಂಕ ಇಲ್ಲ ಅನ್ನುವುದು ಅದರ ತಿರುಳು. ಬಡ ದೇಶಗಳಿಗೆ ದಾನ ಕೊಡುವುದರ ಬದಲು ವ್ಯಾಪಾರ ಕೊಡೋಣ ಅನ್ನುವ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಲೆಸೊಥೊದಂಥ ದೇಶಕ್ಕೆ ಇನ್ನೊಂದು ಅನುಕೂಲವೂ ಸಿಕ್ಕಿತು. ಬಟ್ಟೆಯನ್ನು ಚೀನಾದಿಂದಲೋ ತೈವಾನಿಂದಲೋ ತರಿಸಿ ಬರೀ ಹೊಲಿದು ಕಳಿಸಿದರೂ ಸುಂಕ ಇಲ್ಲ. ರಾಜಧಾನಿ ಮಸೇರು ಮತ್ತು ಮಾಪುಟ್ಸೊಯೆ ಊರುಗಳಲ್ಲಿ ತೈವಾನಿನ ಮಾಲೀಕರ ಗಾರ್ಮೆಂಟ್ಸ್ ಫ್ಯಾಕ್ಟರಿಗಳು ಸಾಲಾಗಿ ಎದ್ದವು. ಲೀವೈಸ್, ರ‍್ಯಾಂಗ್ಲರ್ ಜೀನ್ಸ್ ಅಲ್ಲಿ ಹೊಲಿದು, ಲಾರಿಯಲ್ಲಿ ಡರ್ಬನ್ ಬಂದರಿಗೆ ಹೋಗಿ, ಹಡಗು ಹತ್ತಿದವು. ಮೊದಲ ಕೆಲವೇ ವರ್ಷಗಳಲ್ಲಿ ಗಾರ್ಮೆಂಟ್ಸ್ ಕೆಲಸ ಸರ್ಕಾರಿ ನೌಕರಿಯನ್ನೂ ಮೀರಿ ಬೆಳೆಯಿತು. ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. ನಮ್ಮ ಪೀಣ್ಯ, ಬೊಮ್ಮನಹಳ್ಳಿ ಥರವೇ.

ಏಪ್ರಿಲ್ ಘೋಷಣೆ ಆದ ಮೇಲೆ ಸುಂಕವನ್ನು 90 ದಿನ ತಡೆಹಿಡಿದರು. ಆದರೆ ಖರೀದಿದಾರರು ಅಷ್ಟು ದಿನ ಕಾಯಲಿಲ್ಲ, ಆರ್ಡರ್ ನಿಲ್ಲಿಸಿದರು. ಜುಲೈಯಲ್ಲಿ ಲೆಸೊಥೊ ಸರ್ಕಾರ ನಿರುದ್ಯೋಗದ ಕಾರಣ ಕೊಟ್ಟು ರಾಷ್ಟ್ರೀಯ ವಿಪತ್ತು ಘೋಷಿಸಿತು. ಆಗಸ್ಟ್‌ನಲ್ಲಿ ಸುಂಕ ಶೇ 15ಕ್ಕೆ ಇಳಿಯಿತು. ಅಷ್ಟರಲ್ಲಿ ಎಷ್ಟೋ ಹೊಲಿಗೆ ಲೈನ್‌ಗಳು ಖಾಲಿಯಾಗಿದ್ದವು. ಸೆಪ್ಟೆಂಬರ್ 30ಕ್ಕೆ ಅಗೋವಾದ ಅವಧಿಯೂ ಮುಗಿಯಿತು. ಆಮೇಲೆ ಅದನ್ನು ಮುಂದುವರಿಸುವ ಚರ್ಚೆ ಅಮೆರಿಕದ ಸಂಸತ್ತಿನಲ್ಲಿ ನಡೆಯಿತು. ಆದರೆ ಒಂದೊಂದು ಸಲವೂ ಹೀಗೆ ಕೊನೇ ಗಳಿಗೆವರೆಗೆ ಕಾಯಬೇಕಾದರೆ ಅಲ್ಲಿ ಹೊಸ ಮೆಷಿನ್ ಹಾಕುವವರು ಯಾರು?

ಸುಂಕ ವಿನಾಯಿತಿಯ ದೊಡ್ಡ ತೊಂದರೆ ಇದೇ. ಅದು ಕೊಟ್ಟವರ ಮರ್ಜಿ. ಇಥಿಯೋಪಿಯಾ 2016ರಲ್ಲಿ ಹವಾಸಾ ಅನ್ನುವ ಊರಲ್ಲಿ ದೊಡ್ಡ ಕೈಗಾರಿಕಾ ಪಾರ್ಕ್ ಕಟ್ಟಿತು, ಅಗೋವಾ ನಂಬಿಕೊಂಡೇ. ಆ ದೇಶದ ಟಿಗ್ರಾಯ್ ಪ್ರಾಂತ್ಯದಲ್ಲಿ ನಡೆದ ಯುದ್ಧದ ಕಾರಣಕ್ಕೆ 2022ರ ಜನವರಿ 1ರಿಂದ ಅಮೆರಿಕ ಆ ಸೌಲಭ್ಯ ಕಿತ್ತುಕೊಂಡಿತು. ಯುದ್ಧ ಮಾಡಿದ್ದು ಸರ್ಕಾರ, ಕೆಲಸ ಹೋದದ್ದು ಹೊಲಿಯುವ ಹುಡುಗಿಯರದ್ದು. ನಮಗೂ ಇದು ಆಗಿದೆ. 2019ರ ಜೂನ್ 5ರಂದು ಭಾರತಕ್ಕೆ ಕೊಡುತ್ತಿದ್ದ ಜಿಎಸ್‌ಪಿ, ಅಂದರೆ ಅಭಿವೃದ್ಧಿಶೀಲ ದೇಶಗಳ ಸರಕಿಗೆ ಕೊಡುವ ಸುಂಕ ರಿಯಾಯಿತಿಯನ್ನು ಅಮೆರಿಕ ನಿಲ್ಲಿಸಿತು. ಇದರಿಂದ ಸಿಗುತ್ತಿದ್ದ ಲಾಭ ವರ್ಷಕ್ಕೆ ಸುಮಾರು 19 ಕೋಟಿ ಡಾಲರ್ ಮಾತ್ರ, ದೊಡ್ಡ ಪೆಟ್ಟೇನಲ್ಲ ಎಂದು ನಮ್ಮ ವಾಣಿಜ್ಯ ಇಲಾಖೆ ಆಗ ಹೇಳಿತ್ತು. ಭಾರತಕ್ಕೆ ಅದು ನಿಜ. ಲೆಸೊಥೊ ಹಾಗೆ ಹೇಳುವಂತಿಲ್ಲ.

ಹಾಗಂತ ಭಾರತವೇನೂ ಇದರಲ್ಲಿ ಬರೀ ಪಡೆಯುವ ಕಡೆ ಇಲ್ಲ. 2008ರಿಂದ ನಾವೂ ಅತ್ಯಂತ ಹಿಂದುಳಿದ ದೇಶಗಳಿಗೆ ಸುಂಕ ವಿನಾಯಿತಿ ಕೊಡುತ್ತಿದ್ದೇವೆ. ಬಾಂಗ್ಲಾದೇಶದ ಸಿದ್ಧ ಉಡುಪಿಗೂ ಸುಂಕ ಇಲ್ಲ. ಆದರೆ 2025ರ ಮೇ ತಿಂಗಳಲ್ಲಿ ಎರಡೂ ದೇಶಗಳ ಸಂಬಂಧ ಹಳಸಿದಾಗ, ಆ ಉಡುಪು ಗಡಿಯ ರಸ್ತೆಗಳಿಂದ ಬರುವ ಹಾಗಿಲ್ಲ, ಮುಂಬೈಯ ನಾವಾ ಶೇವಾ ಅಥವಾ ಕೋಲ್ಕತ್ತಾ ಬಂದರಿನಿಂದಲೇ ಬರಬೇಕು ಎಂದು ದೆಹಲಿ ಆದೇಶ ಹೊರಡಿಸಿತು. ಸುಂಕ ಸೊನ್ನೆಯೇ ಉಳಿಯಿತು. ಲಾರಿ ಮಾತ್ರ ಗಡಿಯಲ್ಲೇ ನಿಂತಿತು.

ರಿಯಾಯಿತಿ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದು ಇನ್ನೊಂದು ಕಥೆ. ಯುರೋಪಿಯನ್ ಒಕ್ಕೂಟ 2001ರಲ್ಲಿ ಈ ಬಡ ದೇಶಗಳಿಗೆ, ಶಸ್ತ್ರಾಸ್ತ್ರ ಒಂದನ್ನು ಬಿಟ್ಟು ಬೇರೆ ಏನನ್ನು ಕಳಿಸಿದರೂ ಸುಂಕ ಇಲ್ಲ ಎಂದು ಘೋಷಿಸಿತು. ಕೇಳುವುದಕ್ಕೆ ಭಾರಿ ಉದಾರ. ಆದರೆ ಅಂಗಿ ‘ನಿಮ್ಮ ದೇಶದ್ದೇ’ ಅನ್ನಿಸಿಕೊಳ್ಳಬೇಕಾದರೆ ಬರೀ ಹೊಲಿದರೆ ಸಾಲದು, ಬಟ್ಟೆಯನ್ನೂ ಅಲ್ಲೇ ನೇಯ್ದಿರಬೇಕಿತ್ತು. ಬಾಂಗ್ಲಾದೇಶದಲ್ಲಿ ಬನಿಯನ್, ಟಿ-ಶರ್ಟ್ ಬಟ್ಟೆ ಹೆಣೆಯುವ ಮಿಲ್‌ಗಳು ಇದ್ದವು, ಅವರು ಪಾಸಾದರು. ನೇಯ್ದ ಬಟ್ಟೆಯ ಶರ್ಟು, ಪ್ಯಾಂಟು ಹೊಲಿಯುವವರು ಬಟ್ಟೆಯನ್ನು ಚೀನಾದಿಂದ, ನಮ್ಮಿಂದ ತರಿಸುತ್ತಿದ್ದರು. ಅವರು ರಿಯಾಯಿತಿ ಇದ್ದೂ ಸುಂಕ ಕಟ್ಟಿದರು. 2011ರಲ್ಲಿ ಯುರೋಪ್ ಈ ನಿಯಮ ಸಡಿಲಿಸಿ, ಹೊಲಿಗೆ ಒಂದಾದರೂ ಸಾಕು ಎಂದಿತು. ಬಾಂಗ್ಲಾದ ನೇಯ್ದ ಉಡುಪಿನ ವ್ಯಾಪಾರ ಅಲ್ಲಿಂದ ಮೇಲೆದ್ದಿತು. ಅಂದರೆ ಹತ್ತು ವರ್ಷ ಬಾಗಿಲು ತೆರೆದಿತ್ತು, ಹೊಸ್ತಿಲು ಮಾತ್ರ ಸೊಂಟದೆತ್ತರ ಇತ್ತು.

ಇಷ್ಟೆಲ್ಲ ಹೇಳಿದ ಮೇಲೂ ಬಾಂಗ್ಲಾದೇಶ ಗೆದ್ದಿದೆಯಲ್ಲ, ಹೇಗೆ? ಅದರ ರಫ್ತಿನಲ್ಲಿ ಶೇ 80ಕ್ಕಿಂತ ಜಾಸ್ತಿ ಸಿದ್ಧ ಉಡುಪೇ. ನನ್ನ ಪ್ರಕಾರ ಈ ಕಥೆ ಶುರುವಾಗುವುದು ಸುಂಕದಿಂದಲ್ಲ, ಒಂದು ತರಬೇತಿಯಿಂದ.

1970ರ ದಶಕದ ಕೊನೆಯಲ್ಲಿ ನೂರುಲ್ ಖಾದರ್ ಅನ್ನುವ ಮಾಜಿ ಅಧಿಕಾರಿ ಚಿತ್ತಗಾಂಗ್‌ನಲ್ಲಿ ‘ದೇಶ್ ಗಾರ್ಮೆಂಟ್ಸ್’ ಶುರು ಮಾಡಲು ಹೊರಟರು. ದಕ್ಷಿಣ ಕೊರಿಯಾದ ಡೇವೂ ಕಂಪನಿ ಜೊತೆ ಒಪ್ಪಂದ ಆಯಿತು. ಡೇವೂಗೆ ಇದರಲ್ಲಿ ಸ್ವಂತ ಲಾಭ ಇತ್ತು. ಕೊರಿಯಾ ಎಷ್ಟು ಬಟ್ಟೆ ಕಳಿಸಬಹುದು ಎಂದು ಶ್ರೀಮಂತ ದೇಶಗಳು ಕೋಟಾ ಹಾಕಿದ್ದವು. ಬಾಂಗ್ಲಾದೇಶಕ್ಕೆ ಆಗ ಕೋಟಾದ ಕಾಟ ಇರಲಿಲ್ಲ, ಯಾಕೆಂದರೆ ಅಲ್ಲಿ ಹೇಳಿಕೊಳ್ಳುವಂಥ ಗಾರ್ಮೆಂಟ್ಸ್ ರಫ್ತೇ ಇರಲಿಲ್ಲ. ಸುಮಾರು 130 ಜನರನ್ನು ಬುಸಾನ್‌ನ ಡೇವೂ ಕಾರ್ಖಾನೆಗೆ ಆರು ತಿಂಗಳು ಕಳಿಸಿದರು. ಹೊಲಿಗೆ, ಕಟಿಂಗ್, ಕ್ವಾಲಿಟಿ ನೋಡುವುದು, ಲೈನ್ ನಡೆಸುವುದು, ಖರೀದಿದಾರನ ಜೊತೆ ಮಾತಾಡುವುದು, ಹಡಗಿನ ಕಾಗದ ಪತ್ರ ಮಾಡುವುದು, ಎಲ್ಲ ಕಲಿತು ಬಂದರು. ಮೊದಲ ವರ್ಷ ಹೊಲಿದದ್ದು 43 ಸಾವಿರ ಅಂಗಿ. ಮುಂದಿನ ಏಳೆಂಟು ವರ್ಷದಲ್ಲಿ ಆ 130 ಜನರಲ್ಲಿ 115 ಮಂದಿ ಕೆಲಸ ಬಿಟ್ಟರು. ಕೆಲವರು ಸ್ವಂತ ಫ್ಯಾಕ್ಟರಿ ಹಾಕಿದರು, ಉಳಿದವರನ್ನು ಬೇರೆಯವರು ಜಾಸ್ತಿ ಸಂಬಳ ಕೊಟ್ಟು ಎಳೆದುಕೊಂಡರು. ಮಾಲೀಕರಿಗೆ ನಷ್ಟ, ದೇಶಕ್ಕೆ ಒಂದು ಉದ್ಯಮ.

ಇದಕ್ಕೆ ಢಾಕಾ ಸರ್ಕಾರದ ಎರಡು ಕ್ರಮಗಳು ಸೇರಿದವು. ಒಂದು, ರಫ್ತಿಗೆ ಹೊಲಿಯುವ ಬಟ್ಟೆಯನ್ನು ಸುಂಕ ಕಟ್ಟದೆ ತರಿಸಿ ಕಸ್ಟಮ್ಸ್ ಕಣ್ಗಾವಲಿನ ಗೋದಾಮಿನಲ್ಲಿ ಇಟ್ಟುಕೊಳ್ಳಬಹುದು. ಎರಡು, ವಿದೇಶಿ ಖರೀದಿದಾರ ಕೊಟ್ಟ ಎಲ್‌ಸಿ (ಮಾಲು ಕಳಿಸಿದರೆ ದುಡ್ಡು ಕೊಡುತ್ತೇವೆ ಅನ್ನುವ ಬ್ಯಾಂಕಿನ ಖಾತರಿ ಪತ್ರ) ತೋರಿಸಿದರೆ, ಅದರ ಬಲದ ಮೇಲೆಯೇ ಬ್ಯಾಂಕು ಬಟ್ಟೆ ತರಿಸಲು ಇನ್ನೊಂದು ಎಲ್‌ಸಿ ತೆರೆಯುತ್ತದೆ. ಮಾಲು ಹೋಗಿ ದುಡ್ಡು ಬಂದ ಮೇಲೆ ಬಟ್ಟೆಯವನಿಗೆ ಪಾವತಿ. ಕೈಯಲ್ಲಿ ಬಂಡವಾಳ ಇಲ್ಲದವನೂ ರಫ್ತುದಾರ ಆಗಬಹುದಾಯಿತು. ಯುರೋಪಿನ ಸುಂಕ ರಿಯಾಯಿತಿ ಬಂದಾಗ ಅದನ್ನು ಹಿಡಿದುಕೊಳ್ಳಲು ಈ ದೇಶದಲ್ಲಿ ಆಗಲೇ ಸಾವಿರಾರು ಕೈಗಳಿದ್ದವು.

ಲೆಸೊಥೊದಲ್ಲಿ ತಪ್ಪಿದ್ದು ಇಲ್ಲೇ. ಮಾಲೀಕರು ಹೊರಗಿನವರು, ಮೇಲ್ವಿಚಾರಕರೂ ಹೆಚ್ಚಿನವರು ಹೊರಗಿನವರು, ಆರ್ಡರ್ ಹಿಡಿಯುವುದು ತೈಪೆಯಲ್ಲಿ. ಒಂದು ತೈವಾನ್ ಕಂಪನಿ ಅಲ್ಲೇ ಡೆನಿಮ್ ಗಿರಣಿ ಹಾಕಿದ್ದನ್ನು ಬಿಟ್ಟರೆ ಬಟ್ಟೆಯ ಕಡೆಗೆ ಬೇರು ಇಳಿಯಲಿಲ್ಲ. ಊರಿನವರಿಗೆ ಸಿಕ್ಕಿದ್ದು ಕೂಲಿ.

ಬಾಂಗ್ಲಾವನ್ನು ಹೊಗಳುತ್ತಾ ಹೋದರೆ 2013ರ ಏಪ್ರಿಲ್ 24 ಎದುರು ಬರುತ್ತದೆ. ಢಾಕಾ ಬಳಿ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಬಿಟ್ಟಿದ್ದರಿಂದ ಹಿಂದಿನ ದಿನವಷ್ಟೇ ಖಾಲಿ ಮಾಡಿಸಿದ್ದ ಕಟ್ಟಡಕ್ಕೆ ಕಾರ್ಮಿಕರನ್ನು ಮತ್ತೆ ಕರೆದಿದ್ದರು. ಆಮೇಲೆ ವಿದೇಶಿ ಬ್ರ್ಯಾಂಡುಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ‘ಅಕಾರ್ಡ್’ ಅನ್ನುವ ಒಪ್ಪಂದ ಆಗಿ, ಇಂಜಿನಿಯರುಗಳು ಸಾವಿರಕ್ಕೂ ಹೆಚ್ಚು ಫ್ಯಾಕ್ಟರಿಗಳ ಕಂಬ, ವೈರಿಂಗ್, ಬೆಂಕಿ ಬಾಗಿಲು ಪರೀಕ್ಷಿಸಿದರು. ರಫ್ತಿಗೆ ಸಹಾಯ ಅಂದಾಗ ಇಂಥ ಕೆಲಸ ಯಾರ ನೆನಪಿಗೂ ಬರುವುದಿಲ್ಲ. ಆದರೆ ಇದೂ ಅದೇ.

ಇನ್ನೊಂದು ಉದಾಹರಣೆ ಉಗಾಂಡಾದ ಮೀನು. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ, ಯಾಕೆಂದರೆ ಇಲ್ಲಿ ಸುಂಕದ ಮಾತೇ ಇಲ್ಲ.

ವಿಕ್ಟೋರಿಯಾ ಸರೋವರದಲ್ಲಿ ನೈಲ್ ಪರ್ಚ್ ಅನ್ನುವ ದೊಡ್ಡ ಮೀನು ಸಿಗುತ್ತದೆ. ಅದರ ಮುಳ್ಳು ತೆಗೆದ ಹೋಳಿಗೆ ಯುರೋಪಿನಲ್ಲಿ ಒಳ್ಳೆ ಬೆಲೆ. 1997ರಿಂದ 1999ರ ನಡುವೆ ಯುರೋಪ್ ಈ ಮೀನಿಗೆ ಮತ್ತೆ ಮತ್ತೆ ತಡೆ ಹಾಕಿತು. ಮೊದಲು ಸಾಲ್ಮೊನೆಲ್ಲಾ ಸಿಕ್ಕಿತು. ಆಮೇಲೆ ಪೂರ್ವ ಆಫ್ರಿಕಾದಲ್ಲಿ ಕಾಲರಾ ಹಬ್ಬಿತು. ಮೀನಿನಿಂದ ಯುರೋಪಿಗೆ ಕಾಲರಾ ಹೋಗುವ ಅಪಾಯ ತೀರಾ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು, ಆದರೂ ತಿಂಗಳುಗಟ್ಟಲೆ ವ್ಯಾಪಾರ ನಿಂತಿತು. ಮೂರನೆಯ ಸಲ ಕಾರಣ ಗಟ್ಟಿಯಾಗಿತ್ತು. ಕೆಲವರು ಸರೋವರಕ್ಕೆ ಕೀಟನಾಶಕ ಸುರಿದು ಮೀನು ಹಿಡಿಯುತ್ತಿದ್ದರು.

ಉಗಾಂಡಾದಲ್ಲಿ ಆಗಿನ ಪರಿಸ್ಥಿತಿ ನೋಡಿ. ದೋಣಿಯಿಂದ ಇಳಿಸಿದ ಮೀನು ದಡದ ಮಣ್ಣಿನ ಮೇಲೆ. ಐಸ್ ಸಾಲದು. ತಪಾಸಣೆ ಯಾವ ಇಲಾಖೆಯ ಕೆಲಸ ಅನ್ನುವುದರಲ್ಲೇ ಗೊಂದಲ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮೀನಿನಲ್ಲಿ ವಿಷ ಇಲ್ಲ ಎಂದು ಸಾಬೀತು ಮಾಡುವ ಲ್ಯಾಬ್ ದೇಶದಲ್ಲಿ ಇರಲಿಲ್ಲ. ಮೀನು ಚೆನ್ನಾಗಿಯೇ ಇರಬಹುದು. ತೋರಿಸುವುದು ಹೇಗೆ?

ಆಗ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆ ಯುನಿಡೋ ನೆರವಿಗೆ ಬಂತು. ತಪಾಸಣೆ ಅಧಿಕಾರವನ್ನು ಮೀನುಗಾರಿಕೆ ಇಲಾಖೆಗೆ ಒಪ್ಪಿಸಿದರು. ಇನ್‌ಸ್ಪೆಕ್ಟರುಗಳಿಗೆ ತರಬೇತಿ, ಏನೇನು ನೋಡಬೇಕು ಅನ್ನುವ ಕೈಪಿಡಿ, ಯುರೋಪ್ ಒಪ್ಪುವ ಮಾನ್ಯತೆ ಇರುವ ಲ್ಯಾಬ್, ಫ್ಯಾಕ್ಟರಿಗಳಲ್ಲಿ ಹಂತ ಹಂತದ ಶುಚಿತ್ವದ ಲೆಕ್ಕ. ಯಾವುದೂ ಪೇಪರಿನಲ್ಲಿ ಮುಖಪುಟಕ್ಕೆ ಬರುವಂಥ ಸುದ್ದಿ ಅಲ್ಲ. ಆದರೆ 2005ರ ಹೊತ್ತಿಗೆ ಉಗಾಂಡಾದ ಮೀನು ರಫ್ತು 14 ಕೋಟಿ ಡಾಲರ್ ದಾಟಿತು. ಕಾಫಿ ಬಿಟ್ಟರೆ ಅದೇ ದೊಡ್ಡ ರಫ್ತು. ಆಮೇಲೆ ಏನಾಯಿತು ಅಂತಲೂ ಹೇಳಬೇಕಲ್ಲ. ಬೇಡಿಕೆ ಏರಿತು, ಮೀನು ವಿಪರೀತ ಹಿಡಿದರು, ಸರೋವರದಲ್ಲಿ ಮೀನೇ ಕಡಿಮೆಯಾಗಿ ಕೆಲವು ಫ್ಯಾಕ್ಟರಿಗಳು ಮುಚ್ಚಿದವು. ದಡದ ಜನರ ಪಾಲಿಗೆ ಹೋಳು ತೆಗೆದ ಮೇಲೆ ಉಳಿದ ತಲೆ, ಮುಳ್ಳು. ಲ್ಯಾಬ್ ಇದ್ದರೆ ಸರೋವರ ಉಳಿಯುತ್ತದೆ ಎಂದೇನಿಲ್ಲ.

ನಮ್ಮ ಚಳ್ಳಕೆರೆ, ಪಾವಗಡ ಕಡೆಯ ಶೇಂಗಾ ಬೆಳೆಗಾರರಿಗೆ ಇಂಥದ್ದೇ ಇನ್ನೊಂದು ತೊಡಕು ಗೊತ್ತಿರುತ್ತದೆ. ಕಾಯಿ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರುತ್ತದೆ. ಕಾಳು ನೋಡಿದರೆ ಗೊತ್ತಾಗದೆಯೂ ಇರಬಹುದು. ನೇರವಾಗಿ ತಿನ್ನುವ ಶೇಂಗಾದಲ್ಲಿ ಇದು ನೂರು ಕೋಟಿ ಪಾಲಿನಲ್ಲಿ ನಾಲ್ಕು ಪಾಲು ಮೀರುವಂತಿಲ್ಲ ಅನ್ನುವುದು ಯುರೋಪಿನ ನಿಯಮ. ಕೆಟ್ಟ ಕಾಳು ಚೀಲದಲ್ಲಿ ಸಮನಾಗಿ ಹರಡಿರುವುದಿಲ್ಲ. ಸ್ಯಾಂಪಲ್ ತೆಗೆದ ಕಡೆ ಒಂದು ಹಿಡಿ ಸಿಕ್ಕಿದರೆ ಇಡೀ ಕಂಟೇನರ್ ವಾಪಸ್. 2001ರಲ್ಲಿ ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರು ಯುರೋಪಿನ ಇಂಥ ಬಿಗಿಯಾದ ಮಿತಿಯಿಂದ ಆಫ್ರಿಕಾಕ್ಕೆ ವರ್ಷಕ್ಕೆ 67 ಕೋಟಿ ಡಾಲರ್ ನಷ್ಟ ಎಂದು ಅಂದಾಜು ಮಾಡಿದ್ದರು. ಆ ಲೆಕ್ಕ ಜಾಸ್ತಿಯಾಯಿತು, ಆಫ್ರಿಕಾದ ಶೇಂಗಾ ವ್ಯಾಪಾರ ಅದಕ್ಕೂ ಮೊದಲೇ ಬಿದ್ದಿತ್ತು ಅನ್ನುವ ತಕರಾರು ಆಮೇಲೆ ಬಂತು. ನನಗೂ ತಕರಾರಿನವರ ಮಾತೇ ಸರಿ ಅನ್ನಿಸುತ್ತದೆ. ನಿಯಮವನ್ನು ಬೈದರೆ ಕಾಯಿ ಒಣಗುವುದಿಲ್ಲ. ಕಣ, ಟಾರ್ಪಾಲು, ತೇವಾಂಶ ನೋಡುವ ಮೀಟರು, ಹತ್ತಿರದಲ್ಲೊಂದು ಲ್ಯಾಬ್, ಇಷ್ಟಕ್ಕೆ ದುಡ್ಡು ಬೇಕು.

ದುಡ್ಡು ಇಲ್ಲವೇ? ಇದೆ. 2005ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಘಟನೆಯ ಸಭೆ ‘ವ್ಯಾಪಾರಕ್ಕೆ ನೆರವು’ ಅನ್ನುವ ಕಾರ್ಯಕ್ರಮ ಶುರು ಮಾಡಿತು. ವರ್ಷಕ್ಕೆ ಸಾವಿರಾರು ಕೋಟಿ ಡಾಲರ್ ಆ ಹೆಸರಿನಲ್ಲಿ ಹೋಗುತ್ತದೆ. ಆದರೆ ಒಳಗೆ ನೋಡಿದರೆ ರಸ್ತೆ, ವಿದ್ಯುತ್, ಬ್ಯಾಂಕು, ಕೃಷಿ ಎಲ್ಲವನ್ನೂ ಅದರಲ್ಲೇ ಸೇರಿಸಿದ್ದಾರೆ. ಅರ್ಧಕ್ಕಿಂತ ಹೆಚ್ಚು ಸಾಲದ ರೂಪದಲ್ಲಿದೆ. ಕಸ್ಟಮ್ಸ್, ನಿಯಮ, ಪ್ರಮಾಣಪತ್ರದಂಥ ನೇರ ವ್ಯಾಪಾರದ ಕೆಲಸಕ್ಕೆ ಸಿಗುವುದು ಸಣ್ಣ ಪಾಲು. ಅತ್ಯಂತ ಹಿಂದುಳಿದ 44 ದೇಶಗಳ ಪಾಲು ಜಗತ್ತಿನ ರಫ್ತಿನಲ್ಲಿ ಈಗಲೂ ಶೇ 1ರ ಆಸುಪಾಸು. 2020ರೊಳಗೆ ಅದನ್ನು ದುಪ್ಪಟ್ಟು ಮಾಡುತ್ತೇವೆ ಎಂದು ವಿಶ್ವಸಂಸ್ಥೆಯಲ್ಲಿ ಎಲ್ಲ ದೇಶಗಳೂ ಒಪ್ಪಿದ್ದವು. ಆಗಲಿಲ್ಲ.

ಸಣ್ಣ ಕೆಲಸವನ್ನು ಚೆನ್ನಾಗಿ ಮಾಡುವ ಸಂಸ್ಥೆಗಳೂ ಇವೆ. ಜಿನೀವಾದಲ್ಲಿ 1964ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್ ಅಂಥದ್ದು. ಅದರ ‘ಟ್ರೇಡ್ ಮ್ಯಾಪ್’ನಲ್ಲಿ ಯಾವ ದೇಶ ಯಾವ ಸರಕು ಎಷ್ಟು ಕೊಳ್ಳುತ್ತದೆ, ಯಾರಿಂದ ಕೊಳ್ಳುತ್ತದೆ ಎಲ್ಲ ಸಿಗುತ್ತದೆ. ನೆದರ್‌ಲ್ಯಾಂಡ್ಸ್ ಸರ್ಕಾರದ ಸಿಬಿಐ 1971ರಿಂದ ಬಡ ದೇಶಗಳ ರಫ್ತುದಾರರಿಗೆ ಯುರೋಪಿನ ಮಾರುಕಟ್ಟೆ ಹೇಗಿದೆ ಎಂದು ಹೇಳಿಕೊಡುತ್ತಿದೆ. ತುಮಕೂರು, ಹಾಸನ ಕಡೆಯಿಂದ ಮಿಡಿಸೌತೆ ಕಳಿಸುವ ಸಣ್ಣ ಕಂಪನಿಗಳಿಗೂ ಇವು ಉಪಯೋಗಕ್ಕೆ ಬರುತ್ತವೆ. ಇನ್ನೊಂದು ಕಡೆ, ಆಫ್ರಿಕಾದಲ್ಲಿ ರಫ್ತುದಾರರಿಗೆ ಸಹಾಯ ಮಾಡಲೆಂದೇ ಕೇಂದ್ರಗಳನ್ನು ನಡೆಸುತ್ತಿದ್ದ ಅಮೆರಿಕದ ಯುಎಸ್‌ಏಡ್ 2025ರ ಜುಲೈ 1ಕ್ಕೆ ಮುಚ್ಚಿತು. ಅದೇ ವರ್ಷ ಸುಂಕ ಏರಿತು, ಅದೇ ವರ್ಷ ಅಗೋವಾ ಮುಗಿಯಿತು. ದಾನದ ಬದಲು ವ್ಯಾಪಾರ ಅಂದವರು ಎರಡನ್ನೂ ಒಟ್ಟಿಗೆ ನಿಲ್ಲಿಸಿದರು.

ಬಾಂಗ್ಲಾದೇಶಕ್ಕೂ ಈಗ ಲೆಕ್ಕದ ಸಮಯ. ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಯಿಂದ ಅದು ಹೊರಬರಲು ವಿಶ್ವಸಂಸ್ಥೆ ನಿಗದಿ ಮಾಡಿದ್ದು 2026ರ ನವೆಂಬರ್ 24. ಯುರೋಪ್ ಇನ್ನೂ ಮೂರು ವರ್ಷ ರಿಯಾಯಿತಿ ಮುಂದುವರಿಸುತ್ತದೆ. ಆಮೇಲೆ ಬೇರೆ ವ್ಯವಸ್ಥೆ ಆಗದಿದ್ದರೆ ಉಡುಪಿಗೆ ಸುಮಾರು ಶೇ 12ರವರೆಗೆ ಸುಂಕ. ಇತ್ತ ಭಾರತ ಮತ್ತು ಯುರೋಪ್ 2026ರ ಜನವರಿಯಲ್ಲಿ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಸಿವೆ. ಅದು ಜಾರಿಗೆ ಬಂದರೆ ನಮ್ಮ ಉಡುಪಿಗೆ ಸುಂಕ ಇರುವುದಿಲ್ಲ. ಬೆಂಗಳೂರು, ದೊಡ್ಡಬಳ್ಳಾಪುರ, ಮಂಡ್ಯದ ಗಾರ್ಮೆಂಟ್ಸ್‌ನವರು ಇದನ್ನೇ ಕಾಯುತ್ತಿದ್ದಾರೆ. ಆದರೆ ಢಾಕಾದವರ ಹತ್ತಿರ ನಲವತ್ತು ವರ್ಷದ ಅನುಭವ, ಖರೀದಿದಾರರ ಪರಿಚಯ, ದೊಡ್ಡ ದೊಡ್ಡ ಫ್ಯಾಕ್ಟರಿಗಳಿವೆ. ಸುಂಕ ಹೋದ ಮಾತ್ರಕ್ಕೆ ಆರ್ಡರೆಲ್ಲ ಇಲ್ಲಿಗೆ ಬಂದುಬಿಡುತ್ತದೆ ಎಂದು ನಂಬಿ ಕೂರುವಂತಿಲ್ಲ.

ಕಾಫಿಯಲ್ಲಿ ಈ ಇಡೀ ಜಗ್ಗಾಟ ನಮ್ಮ ಮನೆ ಬಾಗಿಲಿಗೇ ಬಂದಿದೆ. ಯುರೋಪಿಗೆ ಹಸಿ ಕಾಫಿ ಬೀಜ ಕಳಿಸಿದರೆ ಸುಂಕ ಸೊನ್ನೆ. ಹುರಿದು ಕಳಿಸಿದರೆ ಸಾಮಾನ್ಯ ದರ ಶೇ 7.5. ಹುರಿಯುವ ಲಾಭ ಅವರಲ್ಲೇ ಉಳಿಯಲಿ ಅನ್ನುವುದು ಹಳೇ ಲೆಕ್ಕಾಚಾರ. ಹೊಸದು ಅರಣ್ಯ ನಾಶ ತಡೆ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಯುರೋಪಿಗೆ ಬೇಡ. ಬೀಜ ಯಾವ ತೋಟದ್ದು ಎಂದು ಜಾಗದ ಗುರುತಿನ ಸಮೇತ ತೋರಿಸಬೇಕು. ನಾಲ್ಕು ಹೆಕ್ಟೇರ್‌ವರೆಗಿನ ತೋಟಕ್ಕೆ ನಕ್ಷೆಯಲ್ಲಿ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಬೇಲಿ ಗುಂಟ ಪೂರ್ತಿ ಗಡಿ ಗುರುತಿಸಬೇಕು. ಎರಡು ಸಲ ಮುಂದೂಡಿ, ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30 ಎಂದು ಇಟ್ಟಿದ್ದಾರೆ.

ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳು ಹಳೆಯವು, ಮರದ ನೆರಳಲ್ಲೇ ಕಾಫಿ ಬೆಳೆಯುವುದು. ನಿಯಮ ಮುರಿದವರು ಅಪರೂಪ. ಆದರೆ ಮುರಿದಿಲ್ಲ ಎಂದು ತೋರಿಸುವ ಕೆಲಸ ಎಲ್ಲರದ್ದೂ. ಇಲ್ಲಿ ಕಾಫಿ ಬೋರ್ಡ್ ಇದೆ, ಆ್ಯಪ್ ಮಾಡಿ ಬೆಳೆಗಾರರನ್ನು ನೋಂದಾಯಿಸಿಕೊಳ್ಳುತ್ತಿದೆ. ಬೆಳೆಗಾರರ ಸಂಘಗಳಿವೆ, ಪಹಣಿ ಇದೆ. ಇಥಿಯೋಪಿಯಾದಲ್ಲಿ ಕಾಫಿ ಬೆಳೆಯುವುದು ಲಕ್ಷಾಂತರ ಪುಟ್ಟ ಕುಟುಂಬಗಳು. ಎಷ್ಟೋ ಕಡೆ ಜಮೀನಿಗೆ ನಕ್ಷೆಯೇ ಇಲ್ಲ, ನಾಲ್ಕಾರು ಕೈ ದಾಟುವಾಗ ಎಲ್ಲರ ಬೀಜವೂ ಒಂದೇ ರಾಶಿ ಸೇರುತ್ತದೆ. ಅಲ್ಲಿನ ಕಾಫಿಗೆ ಯುರೋಪಿನಲ್ಲಿ ಸುಂಕ ಸೊನ್ನೆ, ಹಸಿಯದಕ್ಕೂ ಹುರಿದದ್ದಕ್ಕೂ. ಆದರೂ ನಿಯಮ ಬಂದ 2023ರಲ್ಲೇ ಕೆಲವು ಯುರೋಪಿನ ಖರೀದಿದಾರರು ಸಣ್ಣ ರೈತರ ಇಥಿಯೋಪಿಯಾ ಕಾಫಿ ಕಡಿಮೆ ಮಾಡಿ, ನಕ್ಷೆ ಸಿದ್ಧ ಇರುವ ಬ್ರೆಜಿಲ್‌ನ ದೊಡ್ಡ ಎಸ್ಟೇಟುಗಳ ಕಡೆ ನೋಡಲು ಶುರು ಮಾಡಿದ್ದರು.